ಅಮ್ಮನ ಜೊತೆ ಬೊಲಿವಿಯಾಕ್ಕೆ: ಲಾ ಪಾಸ್ ಎತ್ತರಕ್ಕೆ ಏನು ತಯಾರಿ ಬೇಕು?

ಕಾಫಿತೋಟ:
ಎಲ್ಲರಿಗೂ ನಮಸ್ಕಾರ. ಜುಲೈನಲ್ಲಿ ಅಮ್ಮನನ್ನು ಕರೆದುಕೊಂಡು ಬೊಲಿವಿಯಾಕ್ಕೆ ಹೊರಡುವ ಯೋಚನೆ ಇದೆ. ರಜೆ ಎರಡು ವಾರ. ಉಯುನಿಯ ಉಪ್ಪಿನ ಬಯಲು ನೋಡಲೇಬೇಕು ಅಂತ ಹಟ ಹಿಡಿದವರು ಅಮ್ಮನೇ, ನಾನಲ್ಲ. ಅವರಿಗೆ 56 ವರ್ಷ. ಬಿಪಿ ಮಾತ್ರೆ ತಗೊಳ್ಳುತ್ತಾರೆ, ಹತೋಟಿಯಲ್ಲಿದೆ. ದಿನಾ ತೋಟ ಸುತ್ತುತ್ತಾರೆ, ನನಗಿಂತ ಗಟ್ಟಿ. ಇಬ್ಬರೂ ಸಸ್ಯಾಹಾರಿಗಳು. ನಾನು ಮೊಟ್ಟೆ ತಿನ್ನುತ್ತೇನೆ, ಅಮ್ಮ ಅದನ್ನೂ ಮುಟ್ಟುವುದಿಲ್ಲ.

ಟಿಕೆಟ್ ಇನ್ನೂ ಮಾಡಿಸಿಲ್ಲ. ಸದ್ಯದ ಲೆಕ್ಕ ಹೀಗಿದೆ: ಬೆಂಗಳೂರು, ದೋಹಾ, ಸಾವೊ ಪೌಲೊ, ಅಲ್ಲಿಂದ ಲಾ ಪಾಸ್. ಮಾರನೇ ದಿನ ಟಿಟಿಕಾಕಾ ಸರೋವರ, ಆಮೇಲೆ ರಾತ್ರಿ ಬಸ್ಸಿಗೆ ಉಯುನಿ. ಎಷ್ಟು ಸ್ವೆಟರ್ ಬೇಕು? ಮಾತ್ರೆ ಬೇಕಾ? ಊಟಕ್ಕೆ ಏನು ಗತಿ? ನಾವು ಮುಳ್ಳಯ್ಯನಗಿರಿ ಬಿಟ್ಟರೆ ಬೇರೆ ಎತ್ತರ ಕಂಡವರಲ್ಲ.

ನಾಲ್ಕುಗಾಲಿ:
ಮೇಡಂ, ಸುಮ್ನೆ ಹೆದರಬೇಡಿ. ನಾವು ಲೇಹ್‌ಗೆ ಕಾರಲ್ಲೇ ಹೋಗಿ ಬಂದವರು. ಕರ್ಚೀಫಿನಲ್ಲಿ ಕರ್ಪೂರ ಕಟ್ಟಿಕೊಂಡು ಮೂಸುತ್ತಾ ಹೋದರೆ ಸಾಕು, ಮಾತ್ರೆ ಗೀತ್ರೆ ಏನೂ ಬೇಡ. ಅಮ್ಮ ಗಟ್ಟಿ ಇದ್ದಾರೆ ಅಂದಿರಲ್ಲ, ಇನ್ನೇನು. ಈಗಿನಿಂದ ದಿನಾ ಪ್ರಾಣಾಯಾಮ ಮಾಡಿಸಿ. ಎರಡು ಥರ್ಮಲ್, ಒಂದು ದಪ್ಪ ಜಾಕೆಟ್. ಮುಗೀತು.

ಸಾವೊಪೌಲೊ ಸಾಗರ:
ನಾನು ಇರುವುದು ಬ್ರೆಜಿಲ್‌ನಲ್ಲಿ, ಬೊಲಿವಿಯಾ ಇಲ್ಲಿಗೆ ಪಕ್ಕದ ದೇಶ. ಸ್ವೆಟರ್ ವಿಷಯ ಆಮೇಲೆ ನೋಡೋಣ. ಮೊದಲು ನಿಮ್ಮ ದಾರಿಯನ್ನು ಬದಲಾಯಿಸಿ.

ಲಾ ಪಾಸ್‌ನ ವಿಮಾನ ನಿಲ್ದಾಣ ಇರುವುದು ಊರಿನ ಮೇಲಿರುವ ಎಲ್ ಆಲ್ಟೊದಲ್ಲಿ, 4,061 ಮೀಟರ್ ಎತ್ತರದಲ್ಲಿ. ಲೇಹ್ ನಿಲ್ದಾಣ ಸುಮಾರು 3,250 ಮೀಟರ್. ಅಂದರೆ ಲೇಹ್‌ಗಿಂತ 800 ಮೀಟರ್ ಮೇಲೆ ಇಳಿಯುತ್ತೀರಿ. ಅಲ್ಲಿ ಗಾಳಿ ಎಷ್ಟು ತೆಳು ಅಂದರೆ ರನ್‌ವೇಯನ್ನೇ 4 ಕಿಲೋಮೀಟರ್ ಉದ್ದ ಮಾಡಿದ್ದಾರೆ. ಇನ್ನೊಂದು ತಮಾಷೆ ಇದೆ. ಹಾರುವಾಗ ವಿಮಾನದ ಒಳಗಿನ ಗಾಳಿಯ ಒತ್ತಡ ಹೆಚ್ಚೆಂದರೆ 2,400 ಮೀಟರ್ ಎತ್ತರದಲ್ಲಿ ಇದ್ದ ಹಾಗಿರುತ್ತದೆ. ಬೇರೆ ಊರಲ್ಲಿ ಇಳಿದಾಗ ಉಸಿರು ಸಲೀಸಾಗುತ್ತದೆ. ಎಲ್ ಆಲ್ಟೊದಲ್ಲಿ ವಿಮಾನ ಕೆಳಗಿಳಿಯುತ್ತಿದ್ದ ಹಾಗೇ ಒಳಗಿನ ಗಾಳಿ ಇನ್ನೂ ತೆಳುವಾಗುತ್ತಾ ಹೋಗುತ್ತದೆ.

ಸಾವೊ ಪೌಲೊದಿಂದ ಬೊಲಿವಿಯಾದ ಸಾಂತಾ ಕ್ರೂಸ್‌ಗೆ ಬನ್ನಿ. ಅದು ಸುಮಾರು 400 ಮೀಟರ್, ಬೆಂಗಳೂರಿಗಿಂತ ಕೆಳಗೆ. ಒಂದೆರಡು ದಿನ ಇದ್ದು ನಿದ್ದೆ ಸರಿ ಮಾಡಿಕೊಳ್ಳಿ, ಏಕೆಂದರೆ ಅಲ್ಲಿನ ಗಡಿಯಾರ ಭಾರತಕ್ಕಿಂತ ಒಂಬತ್ತೂವರೆ ಗಂಟೆ ಹಿಂದೆ. ಅಲ್ಲಿಂದ ವಿಮಾನದಲ್ಲಿ ಸುಕ್ರೆ, 2,800 ಮೀಟರ್. ಬಿಳಿ ಗೋಡೆಗಳ ಚಂದದ ಊರು. 1825ರ ಆಗಸ್ಟ್ 6ರಂದು ಸ್ವಾತಂತ್ರ್ಯ ಘೋಷಿಸಿದ ಮನೆ ಅಲ್ಲೇ ಇದೆ, ಸಂವಿಧಾನದ ಪ್ರಕಾರ ರಾಜಧಾನಿಯೂ ಅದೇ. ಅಲ್ಲಿ ಮೂರು ರಾತ್ರಿ ಮಲಗಿ. ಆಮೇಲೆ ಹಗಲು ಬಸ್ಸಿನಲ್ಲಿ ಉಯುನಿ, 3,650 ಮೀಟರ್. ದಾರಿಯಲ್ಲಿ ಪೊಟೊಸಿ 4,000 ಮೀಟರ್ ದಾಟುತ್ತದೆ. ಆದರೆ ಅದು ಹಾದು ಹೋಗುವ ಊರು ಮಾತ್ರ, ಅಲ್ಲಿ ಉಳಿಯಬೇಡಿ. ಲಾ ಪಾಸ್ ಮತ್ತು ಟಿಟಿಕಾಕಾ ಕೊನೆಗಿರಲಿ. ಅಷ್ಟರಲ್ಲಿ ದೇಹ ಹೊಂದಿಕೊಂಡಿರುತ್ತದೆ.

ನಾಲ್ಕುಗಾಲಿ:
ಅಷ್ಟೆಲ್ಲ ಸುತ್ತಿದರೆ ಎರಡು ವಾರದಲ್ಲಿ ನಾಲ್ಕು ದಿನ ಮೆಟ್ಟಿಲು ಹತ್ತುವುದಕ್ಕೇ ಹೋಗುತ್ತದಲ್ಲ ಸಾರ್. ನೇರ ಹೋಗಿ ಹೋಟೆಲಿನಲ್ಲಿ ಒಂದು ದಿನ ಬಿದ್ದುಕೊಂಡರೆ ಆಯ್ತು.

ಡಾಕ್ಟರಮ್ಮ:
ನಾನು ಡಾಕ್ಟರ್, ಕೆಲವು ಕಾಲ ಲಡಾಖ್‌ನಲ್ಲಿ ಕೆಲಸ ಮಾಡಿದ್ದೇನೆ. ನಾಲ್ಕುಗಾಲಿಯವರೇ, ಬೇಜಾರಾಗಬೇಡಿ, ಕರ್ಪೂರ ಮೂಸಿದರೆ ಮೂಗು ತಣ್ಣಗಾಗುತ್ತದೆ, ರಕ್ತಕ್ಕೆ ಆಮ್ಲಜನಕ ಸೇರುವುದಿಲ್ಲ. ಉಸಿರು ತೆರೆದುಕೊಂಡ ಹಾಗೆ ಅನಿಸುತ್ತದೆ ಅಷ್ಟೇ. ನಿಮಗೆ ಏನೂ ಆಗದಿದ್ದದ್ದು ಸಂತೋಷ. ಪಕ್ಕದ ಸೀಟಿನವರಿಗೂ ಆಗುವುದಿಲ್ಲ ಅಂತ ಅದರಿಂದ ಹೇಳಲು ಬರುವುದಿಲ್ಲ.

ಗಟ್ಟಿ ಇದ್ದಾರೆ ಅನ್ನುವುದೂ ಲೆಕ್ಕಕ್ಕಿಲ್ಲ. ಎತ್ತರದ ಕಾಯಿಲೆ ಯಾರಿಗೆ ಬರುತ್ತದೆ ಅಂತ ಮೊದಲೇ ಹೇಳುವುದು ಕಷ್ಟ. ಜಿಮ್ಮಿಗೆ ಹೋಗುವ ಹುಡುಗರು ಹೆಚ್ಚು ಸಿಕ್ಕಿಹಾಕಿಕೊಳ್ಳುತ್ತಾರೆ, ಏಕೆಂದರೆ ಅವರು ನಿಧಾನ ಮಾಡುವುದಿಲ್ಲ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆ ಶೇ. 21 ಇದೆ. ಒತ್ತಡ ಕಮ್ಮಿ ಆಗುವುದರಿಂದ ಪ್ರತಿ ಉಸಿರಿನಲ್ಲಿ ಸಿಗುವುದು ಕಮ್ಮಿ. ಲಾ ಪಾಸ್‌ನಲ್ಲಿ ಸಮುದ್ರ ಮಟ್ಟದ ಸುಮಾರು ಮೂರನೇ ಎರಡು ಪಾಲು. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ದಿನಗಳು ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಸುಮ್ಮನಿರಬೇಕು ಅನ್ನುವುದು ಸಾಮಾನ್ಯ ನಿಯಮ. ಹಗಲು ಎಷ್ಟು ಮೇಲೆ ಹೋದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದು ಮುಖ್ಯ.

ಮಾತ್ರೆ ಅಂದರೆ ಅಸೆಟಜೋಲಮೈಡ್, ಅಂಗಡಿಯಲ್ಲಿ ಡಯಾಮಾಕ್ಸ್ ಅಂತ ಸಿಗುತ್ತದೆ. ತಡೆಗಟ್ಟಲು ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಮೇಲೆ ಹೋಗುವ ಹಿಂದಿನ ದಿನದಿಂದ. ಇದನ್ನು ನೋಡಿ ನೀವೇ ತಗೊಳ್ಳಬೇಡಿ. ಸಲ್ಫಾ ಔಷಧಿ ಆಗದವರಿಗೆ ತೊಂದರೆ ಆಗಬಹುದು. ಅಮ್ಮನ ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧಿಯೂ ಸೇರಿದ್ದರೆ ಎರಡೂ ಕೂಡಿ ಪೊಟ್ಯಾಸಿಯಂ ಇಳಿಯಬಹುದು. ಆ ಚೀಟಿ ಹಿಡಿದುಕೊಂಡು ಅವರ ಡಾಕ್ಟರ್ ಹತ್ತಿರ ಹೋಗಿ. ಎತ್ತರದಲ್ಲಿ ಮೊದಲ ಕೆಲವು ದಿನ ಬಿಪಿ ಸ್ವಲ್ಪ ಏರುವುದೂ ಉಂಟು, ಅಳೆಯುವ ಮಿಷನ್ ಒಯ್ಯಿರಿ. ಡಯಾಮಾಕ್ಸ್ ತಗೊಂಡರೆ ಬೆರಳ ತುದಿ ಜುಮ್ ಅನ್ನುತ್ತದೆ, ಸೋಡಾ ಕುಡಿದರೆ ಸಪ್ಪೆ ಅನಿಸುತ್ತದೆ. ಗಾಬರಿ ಬೇಡ, ಅದು ಮಾತ್ರೆಯದೇ ಗುಣ.

ಫುಟ್‌ಬಾಲ್ ಹುಚ್ಚ:
ಗಟ್ಟಿ ಜನ ಅಂದಿದ್ದಕ್ಕೆ ನೆನಪಾಯಿತು. 2009ರಲ್ಲಿ ಲಾ ಪಾಸ್‌ನಲ್ಲಿ ಬೊಲಿವಿಯಾ ಅರ್ಜೆಂಟೀನಾವನ್ನು 6-1ರಿಂದ ಹೊಡೆಯಿತು. ಕೋಚ್ ಮರಡೋನಾ, ಆಡಿದವರಲ್ಲಿ ಮೆಸ್ಸಿಯೂ ಇದ್ದ! 2007ರಲ್ಲಿ ಫಿಫಾ 2,500 ಮೀಟರ್‌ಗಿಂತ ಮೇಲೆ ಅಂತರರಾಷ್ಟ್ರೀಯ ಪಂದ್ಯ ಬೇಡ ಅಂದಿತ್ತು, ಗಲಾಟೆಯಾಗಿ ಮರು ವರ್ಷ ಹಿಂದೆ ತಗೊಂಡಿತು. ಈಗಲೂ ಕೆಲವು ತಂಡಗಳು ಸಾಂತಾ ಕ್ರೂಸ್‌ನಲ್ಲೇ ಉಳಿದು, ಪಂದ್ಯಕ್ಕೆ ಕೆಲವೇ ಗಂಟೆ ಮೊದಲು ಮೇಲೆ ಬಂದು, ಆಡಿ ಓಡಿಹೋಗುತ್ತವೆ. ಕಾಯಿಲೆ ಶುರುವಾಗಲು ಸ್ವಲ್ಪ ಹೊತ್ತು ಬೇಕಲ್ಲ, ಅಷ್ಟರಲ್ಲಿ ಮುಗಿಸಿಬಿಡುವ ಲೆಕ್ಕ.

ಕಾಫಿತೋಟ:
ಇದನ್ನು ಅಮ್ಮನಿಗೆ ಓದಿ ಹೇಳಿದೆ. "ನಾನೇನು ಚೆಂಡು ಆಡೋಕೆ ಹೋಗ್ತಿದೀನಾ" ಅಂದರು. ಆದರೆ ದಾರಿ ಬದಲಾಯಿಸಲು ಒಪ್ಪಿದ್ದಾರೆ. ಡಾಕ್ಟರಮ್ಮ, ಆಕ್ಸಿಮೀಟರ್ ಒಯ್ಯಬೇಕಾ? ಕೋವಿಡ್ ಕಾಲದ್ದು ಮನೆಯಲ್ಲಿ ಬಿದ್ದಿದೆ.

ಡಾಕ್ಟರಮ್ಮ:
ಒಯ್ಯಿರಿ, ಆದರೆ ಅದನ್ನೇ ನೋಡುತ್ತಾ ಕೂರಬೇಡಿ. ಕೋವಿಡ್ ಸಮಯದಲ್ಲಿ 94ಕ್ಕಿಂತ ಇಳಿದರೆ ಆಸ್ಪತ್ರೆಗೆ ಓಡುತ್ತಿದ್ದೆವು. ಲಾ ಪಾಸ್‌ನಲ್ಲಿ ಆರಾಮಾಗಿ ಕೂತವರಿಗೂ 90ರ ಆಸುಪಾಸು ಬರುವುದು ಸಾಮಾನ್ಯ. ಅಂಕಿಗಿಂತ ಮನುಷ್ಯರನ್ನು ನೋಡಿ.

ತಲೆನೋವು, ಊಟ ಬೇಡ ಅನಿಸುವುದು, ಸುಸ್ತು ಬಂದರೆ ಅವತ್ತು ಇನ್ನೂ ಮೇಲೆ ಹೋಗಬೇಡಿ. ಅಲ್ಲೇ ವಿಶ್ರಾಂತಿ ಪಡೆಯಿರಿ, ತಲೆನೋವಿಗೆ ಪ್ಯಾರಸಿಟಮಾಲ್ ಸಾಕು. ಆದರೆ ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು ಇದ್ದರೆ, ಅಥವಾ ಮಾತು ತಡವರಿಸಿದರೆ, ನೇರ ಗೆರೆಯ ಮೇಲೆ ಹೆಜ್ಜೆ ಮುಂದೆ ಹೆಜ್ಜೆ ಇಟ್ಟು ನಡೆಯಲು ಆಗದಿದ್ದರೆ, ಬೆಳಗಾಗಲಿ ಅಂತ ಕಾಯಬೇಡಿ. ಆಮ್ಲಜನಕ ಕೊಡಿಸಿ, ತಕ್ಷಣ ಕೆಳಗಿಳಿಸಿ. ಶ್ವಾಸಕೋಶದಲ್ಲಿ ಇಲ್ಲವೇ ಮೆದುಳಿನಲ್ಲಿ ನೀರು ತುಂಬುವ ಲಕ್ಷಣ ಅದು.

ಒಂದೇ ಕೋಣೆಯಲ್ಲಿ ಮಲಗುತ್ತೀರಿ ಅಲ್ವಾ? ರಾತ್ರಿ ಅಮ್ಮ ಕೆಲವು ಸೆಕೆಂಡ್ ಉಸಿರು ನಿಲ್ಲಿಸಿ, ಆಮೇಲೆ ಜೋರಾಗಿ ಎಳೆದುಕೊಳ್ಳುವುದು ಕೇಳಿಸಬಹುದು. ಎತ್ತರದಲ್ಲಿ ಬಹಳ ಜನರಿಗೆ ಹೀಗಾಗುತ್ತದೆ, ಅದೊಂದೇ ಇದ್ದರೆ ಅಪಾಯವಲ್ಲ. ನಿದ್ದೆ ಬರುತ್ತಿಲ್ಲ ಅಂತ ನಿದ್ದೆ ಮಾತ್ರೆ ಮಾತ್ರ ಕೊಡಬೇಡಿ. ಮದ್ಯವೂ ಬೇಡ.

ಬರಿಗಾಲು:
ಅಲ್ಲಿನ ಔಷಧಿ ಅಂಗಡಿಗಳಲ್ಲಿ ಎತ್ತರದ ಕಾಯಿಲೆಗೆ ಸೊರೊಚಿ ಪಿಲ್ಸ್ ಅಂತ ಕೊಡುತ್ತಾರೆ. ಅದರಲ್ಲಿರುವುದು ಆಸ್ಪಿರಿನ್ ಮತ್ತು ಕೆಫೀನ್. ಆಸ್ಪಿರಿನ್ ಆಗದವರು, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಜೋಪಾನ.

ಇನ್ನು ಕೋಕಾ ಎಲೆ. ಕೊಕೇನ್ ತೆಗೆಯುವುದು ಇದರಿಂದಲೇ, ಎತ್ತರಕ್ಕೆ ಒಳ್ಳೆಯದು ಅಂತ ಅಲ್ಲಿನವರು ಇದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಬೊಲಿವಿಯಾದಲ್ಲಿ ಅದು ಕಾನೂನುಬದ್ಧ, ಮಾರುಕಟ್ಟೆಯಲ್ಲಿ ಹಸಿರು ಚೀಲಗಳಲ್ಲಿ ರಾಶಿ ಹಾಕಿ ಮಾರುತ್ತಾರೆ. ಎಲೆಯ ನಡುವಿನ ನಾರು ಎಳೆದು ತೆಗೆದು, ಒಂದೊಂದಾಗಿ ದವಡೆಯ ಮೂಲೆಗೆ ಒತ್ತಿಕೊಳ್ಳುತ್ತಾರೆ. ಜೊತೆಗೆ ಬೂದಿಯಿಂದ ಮಾಡಿದ ಕರಿ ಉಂಡೆಯನ್ನು ಚಿಟಿಕೆಯಷ್ಟು ಮುರಿದು ಹಾಕಿಕೊಳ್ಳುತ್ತಾರೆ. ಥೇಟ್ ನಮ್ಮ ಎಲೆಯಡಿಕೆಗೆ ಸುಣ್ಣ ಸವರಿದ ಹಾಗೆ, ಸುಣ್ಣವಿಲ್ಲದೆ ಎಲೆಗೆ ಕಸುವಿಲ್ಲ. ಬಸ್ ಡ್ರೈವರ್‌ಗಳ ಒಂದು ಕೆನ್ನೆ ಯಾವಾಗಲೂ ಉಬ್ಬಿರುತ್ತದೆ. ಹೋಟೆಲುಗಳಲ್ಲಿ ಕೋಕಾ ಚಹಾ ಬಿಟ್ಟಿ ಇಟ್ಟಿರುತ್ತಾರೆ. ಕುಡಿಯಿರಿ, ಬಾಯಿಗೆ ಹಿತ. ಆದರೆ ಒಂದೇ ಒಂದು ಚಹಾ ಪೊಟ್ಟಣವನ್ನೂ ನೆನಪಿಗೆ ಅಂತ ಬ್ಯಾಗಿಗೆ ಹಾಕಿಕೊಳ್ಳಬೇಡಿ. ನಮ್ಮ 1985ರ ಮಾದಕ ವಸ್ತು ಕಾಯ್ದೆಯಲ್ಲಿ ಕೋಕಾ ಎಲೆಯೂ ಸೇರಿದೆ. ಬ್ಯಾಗಿನ ಎಲ್ಲ ಜೇಬನ್ನೂ ಸಾಂತಾ ಕ್ರೂಸ್‌ನಲ್ಲಿ ಒಮ್ಮೆ ಕೊಡವಿ ನೋಡಿ.

ಡಾಕ್ಟರಮ್ಮ:
ಕೋಕಾ ಚಹಾ ಕುಡಿಯಬಹುದು. ಅದು ಎತ್ತರದ ಕಾಯಿಲೆ ತಡೆಯುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಕುಡಿದೆವಲ್ಲ ಅಂತ ಧೈರ್ಯ ಮಾಡಿ ಮೇಲೆ ಹತ್ತಬೇಡಿ. ಬಿಪಿ ಇರುವ ಅಮ್ಮನಿಗೆ ಒಂದು ಲೋಟ ಸಾಕು.

ಕಾಫಿತೋಟ:
ಊಟ? ನನಗೆ ಅದೇ ದೊಡ್ಡ ಚಿಂತೆ. ಚಿಕ್ಕ ರೈಸ್ ಕುಕ್ಕರ್ ಒಯ್ಯಲೇ?

ಬರಿಗಾಲು:
ಕರೆಂಟಿನ ರೈಸ್ ಕುಕ್ಕರ್ ಅಲ್ಲಿ ಕೈಕೊಡುತ್ತದೆ. ಲಾ ಪಾಸ್‌ನಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತದೆ. ಅಕ್ಕಿ ಹೊರಗೆ ಮೆತ್ತಗಾಗಿ ಒಳಗೆ ಕಾಳುಕಾಳಾಗಿ ಉಳಿಯುತ್ತದೆ, ಬೇಳೆಯಂತೂ ಮರೆತುಬಿಡಿ. ಅಲ್ಲಿನವರ ಅಡುಗೆಮನೆಯಲ್ಲೂ ಪ್ರೆಶರ್ ಕುಕ್ಕರ್ ಕೂಗುತ್ತದೆ, ಬೇರೆ ದಾರಿ ಇಲ್ಲ. ನೀವು ಅವಲಕ್ಕಿ ಒಯ್ಯಿರಿ. ಅದಕ್ಕೆ ಕುದಿ ನೀರೇ ಬೇಡ. ಗೊಜ್ಜವಲಕ್ಕಿ ಪುಡಿ, ಚಟ್ನಿಪುಡಿ, ಹುರಿಹಿಟ್ಟು ಇದ್ದರೆ ಅಮ್ಮನ ಬೆಳಗಿನ ತಿಂಡಿ ಆಯ್ತು. ಹಸಿ ಹಣ್ಣು, ಬೀಜ, ಹಾಲಿನ ಪದಾರ್ಥ ಬೇಡ, ಗಡಿಯಲ್ಲಿ ಕಿತ್ತುಕೊಳ್ಳುತ್ತಾರೆ. ಪೊಟ್ಟಣಗಳೆಲ್ಲ ಮೇಲೆ ಹೋದಂತೆ ಬಲೂನಿನ ಹಾಗೆ ಊದಿಕೊಳ್ಳುತ್ತವೆ, ಒತ್ತಿ ತುಂಬಬೇಡಿ. ಸನ್‌ಸ್ಕ್ರೀನ್ ಟ್ಯೂಬಿನ ಮುಚ್ಚಳ ತೆಗೆಯುವಾಗ ಮುಖದಿಂದ ದೂರ ಹಿಡಿಯಿರಿ, ಅರ್ಧ ತಾನೇ ಹೊರಗೆ ಹಾರುತ್ತದೆ.

ಹೊರಗೆ ತಿನ್ನಲು ಆಲೂಗಡ್ಡೆ, ಮೆಕ್ಕೆಜೋಳ, ಹಸಿ ಅವರೆಯಂಥ ಆಬಸ್ ಕಾಳು, ಕಿನೋವಾ, ತಾಜಾ ಚೀಸ್ ಎಲ್ಲ ಕಡೆ ಸಿಗುತ್ತದೆ. ಬೆಳಿಗ್ಗೆ ಆಪಿ ಕುಡಿಯಿರಿ. ನೇರಳೆ ಮೆಕ್ಕೆಜೋಳದ ಬಿಸಿ ಗಂಜಿ, ದಾಲ್ಚಿನ್ನಿ ಹಾಕಿರುತ್ತಾರೆ, ಚಳಿಗೆ ಅಮೃತ. ಲಾಹ್ವಾ ಅನ್ನುವ ಚಟ್ನಿ ಇದೆ, ಟೊಮೆಟೊ ಮತ್ತು ಲೊಕೊಟೊ ಮೆಣಸಿನಕಾಯಿ ಹಾಕಿ ಕಲ್ಲಿನಲ್ಲಿ ಅರೆದದ್ದು. ಅದು ಸಿಕ್ಕರೆ ಅಮ್ಮ ಬೇಯಿಸಿದ ಆಲೂಗಡ್ಡೆಯಲ್ಲೇ ದಿನ ದೂಡುತ್ತಾರೆ. ಆದರೆ ಸೂಪ್ ವಿಷಯದಲ್ಲಿ ಹುಷಾರು. ಕಡಲೆಕಾಯಿ ಸೂಪ್ ನೋಡಲು ಸಸ್ಯಾಹಾರಿ, ತಳದಲ್ಲಿ ಎಲುಬಿನ ಸಾರು ಇರುತ್ತದೆ. "ಸಿನ್ ಕಾರ್ನೆ" (ಮಾಂಸ ಬೇಡ) ಅಂತ ಅಷ್ಟೇ ಹೇಳಿದರೆ ದನದ ಮಾಂಸ ಬಿಟ್ಟು ಕೋಳಿ ಹಾಕಿಕೊಡುತ್ತಾರೆ. "ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ಕಾಲ್ದೊ ದೆ ಕಾರ್ನೆ" (ಮಾಂಸ, ಕೋಳಿ, ಮೀನು, ಮಾಂಸದ ಸಾರು ಯಾವುದೂ ಬೇಡ) ಅಂತ ಒಂದು ಚೀಟಿಯಲ್ಲಿ ಬರೆಸಿಕೊಂಡು ತೋರಿಸಿ. ಇಂಗ್ಲಿಷ್ ಬಹಳ ಕಮ್ಮಿ, ಅನುವಾದದ ಆ್ಯಪ್‌ನಲ್ಲಿ ಸ್ಪ್ಯಾನಿಷ್ ಅನ್ನು ಇಲ್ಲೇ ಇಳಿಸಿಕೊಳ್ಳಿ.

ರಾತ್ರಿ ಊಟ ಅರ್ಧ ಹೊಟ್ಟೆ ಇರಲಿ. ಎತ್ತರದಲ್ಲಿ ಜೀರ್ಣ ನಿಧಾನ.

ಚೌಕಾಸಿ:
ದುಡ್ಡು ಹೇಗೆ ಒಯ್ಯಬೇಕು? ಫಾರೆಕ್ಸ್ ಕಾರ್ಡ್ ಸಾಕಾ?

ಸಾವೊಪೌಲೊ ಸಾಗರ:
ಕಾರ್ಡ್ ಇರಲಿ, ಆದರೆ ಡಾಲರ್ ನೋಟು ಒಯ್ಯಿರಿ. ಬೊಲಿವಿಯಾದಲ್ಲಿ 2023ರಿಂದ ಡಾಲರ್ ಬರ ಬಂದು, ಬ್ಯಾಂಕಿನ ದರಕ್ಕೂ ಬೀದಿಯ ದರಕ್ಕೂ ದೊಡ್ಡ ಅಂತರ ಹುಟ್ಟಿಕೊಂಡಿತು. ಹೊರಡುವ ವಾರ ಎರಡೂ ದರ ನೋಡಿಕೊಳ್ಳಿ. ನೋಟು ಗರಿಗರಿ ಇರಬೇಕು. ಮೂಲೆಯಲ್ಲಿ ಕೂದಲೆಳೆಯಷ್ಟು ಹರಿದಿದ್ದರೂ, ಪೆನ್ನಿನ ಗೀಟು ಇದ್ದರೂ ವಾಪಸ್ ತಳ್ಳುತ್ತಾರೆ. ಬೆಂಗಳೂರಲ್ಲಿ ಕೌಂಟರ್ ಮುಂದೆಯೇ ಒಂದೊಂದು ನೋಟನ್ನೂ ಬೆಳಕಿಗೆ ಹಿಡಿದು ನೋಡಿ, ನಾಚಿಕೆ ಬೇಡ. ಚಿಲ್ಲರೆ ಬೊಲಿವಿಯಾನೊ ಸದಾ ಜೇಬಲ್ಲಿರಲಿ, ಶೌಚಾಲಯಕ್ಕೂ ಕಾಸು ಕೊಡಬೇಕು, ಪೇಪರ್ ನಿಮ್ಮದೇ ಇದ್ದರೆ ಒಳ್ಳೆಯದು.

ಇನ್ನೊಂದು ಮಾತು. ಅಲ್ಲಿ ರಸ್ತೆ ತಡೆ ಮಾಮೂಲು. ಕಲ್ಲು ಅಡ್ಡ ಇಟ್ಟು ಕೂತರೆ ದಿನಗಟ್ಟಲೆ ಬಸ್ ಇಲ್ಲ. ಹಾಗಾಗಿ ವಾಪಸ್ ಬರುವ ಅಂತರರಾಷ್ಟ್ರೀಯ ವಿಮಾನದ ಹಿಂದಿನ ರಾತ್ರಿ ಸಾಂತಾ ಕ್ರೂಸ್‌ನಲ್ಲೇ ಇರಿ.

ಟಿಕೆಟ್ ಒಂದೇ ಪಿಎನ್‌ಆರ್‌ನಲ್ಲಿ ಸಾಂತಾ ಕ್ರೂಸ್‌ವರೆಗೂ ಇರಲಿ. ಸಾವೊ ಪೌಲೊದಲ್ಲಿ ಲಗೇಜಿಗೆ ಹೊರಗೆ ಬರಬೇಕಾದರೆ ಬ್ರೆಜಿಲ್ ವೀಸಾ ಬೇಕಾಗುತ್ತದೆ. ಅಮೆರಿಕ ಮೂಲಕ ಅಗ್ಗದ ಟಿಕೆಟ್ ಕಂಡರೆ ಮರುಳಾಗಬೇಡಿ, ಅಲ್ಲಿ ವಿಮಾನ ಬದಲಿಸುವುದಕ್ಕೂ ವೀಸಾ ಬೇಕು. ಬೊಲಿವಿಯಾ ವೀಸಾ ನಿಯಮಕ್ಕೆ ದೆಹಲಿಯ ಅವರ ರಾಯಭಾರ ಕಚೇರಿಯನ್ನೇ ಕೇಳಿ. ಅವರಿವರ ಹಳೇ ಅನುಭವ ಇದಕ್ಕೆ ಆಗಿಬರುವುದಿಲ್ಲ.

ನಾಲ್ಕುಗಾಲಿ:
ಬಟ್ಟೆ ವಿಷಯ ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ. ಅದರಲ್ಲಾದರೂ ನನ್ನ ಮಾತು ನಡೆಯಲಿ. ಒಂದು ದಪ್ಪ ಬಟ್ಟೆಗಿಂತ ಮೂರು ತೆಳು ಪದರ ಮೇಲು.

ಬರಿಗಾಲು:
ಇದು ನೂರಕ್ಕೆ ನೂರು ಸರಿ. ಜುಲೈ ಅಲ್ಲಿ ಚಳಿಗಾಲ, ಒಣ ಹವೆ. ಹಗಲು ಬಿಸಿಲು ಚುರುಗುಟ್ಟುತ್ತದೆ, ಉಯುನಿ ಕಡೆ ರಾತ್ರಿ ಸೊನ್ನೆಗಿಂತ 15, 20 ಡಿಗ್ರಿ ಕೆಳಗೆ ಇಳಿಯುವುದುಂಟು. ಸಾಧಾರಣ ಹೋಟೆಲುಗಳಲ್ಲಿ ಹೀಟರ್ ಇರುವುದಿಲ್ಲ, ಕಂಬಳಿ ಮೇಲೆ ಕಂಬಳಿ ಹೇರುತ್ತಾರೆ. ಬುಕ್ ಮಾಡುವಾಗಲೇ ಕೇಳಿ. ಫೋನು, ಪವರ್ ಬ್ಯಾಂಕನ್ನು ಹಾಸಿಗೆಯೊಳಗೆ ಇಟ್ಟುಕೊಳ್ಳಿ, ಚಳಿಗೆ ಚಾರ್ಜ್ ಸೋರುತ್ತದೆ. ಕರೆಂಟು 230 ವೋಲ್ಟ್, ನಮ್ಮ ತೆಳು ಎರಡು ಪಿನ್ನಿನ ಚಾರ್ಜರ್ ಕೂರುತ್ತದೆ. ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು.

ಉಪ್ಪಿನ ಬಯಲು ಹತ್ತು ಸಾವಿರ ಚದರ ಕಿಲೋಮೀಟರ್‌ಗೂ ಜಾಸ್ತಿ. ಬಿಸಿಲು ಮೇಲಿಂದ ಅಷ್ಟೇ ಅಲ್ಲ, ಕೆಳಗಿನಿಂದಲೂ ಹೊಡೆಯುತ್ತದೆ. ಗಲ್ಲದ ಅಡಿ, ಮೂಗಿನ ಹೊಳ್ಳೆಯ ಕೆಳಗೆ, ಕಿವಿಯ ಹಿಂದೆ ಕ್ರೀಮ್ ಹಚ್ಚಿ. ಯುವಿ ತಡೆಯುವ ಕಪ್ಪು ಕನ್ನಡಕ ಇಲ್ಲದೆ ಇಳಿಯಲೇಬೇಡಿ. ಒಂದು ವಿಷಯ ಅಮ್ಮನಿಗೆ ಮೊದಲೇ ಹೇಳಿಬಿಡಿ: ಆಕಾಶ ನೆಲದಲ್ಲಿ ಕಾಣುವ ಕನ್ನಡಿ ಫೋಟೋ ಇದೆಯಲ್ಲ, ಅದು ಮಳೆಗಾಲದ್ದು, ಜನವರಿಯಿಂದ ಮಾರ್ಚ್. ಜುಲೈನಲ್ಲಿ ಆರು ಮೂಲೆಯ ಉಪ್ಪಿನ ಚಕ್ಕೆಗಳು, ಇಂಕಾವಾಸಿ ದ್ವೀಪದ ಆಳೆತ್ತರ ಮೀರಿದ ಕಳ್ಳಿಗಿಡಗಳು. ನನಗೆ ಅದೇ ಇಷ್ಟ. ಮಳೆಗಾಲದಲ್ಲಿ ಆ ದ್ವೀಪಕ್ಕೆ ಜೀಪು ಹೋಗುವುದೇ ಕಷ್ಟ.

ಕಾಫಿತೋಟ:
ಕನ್ನಡಿ ಇಲ್ಲ ಅಂದದ್ದಕ್ಕೆ ಅಮ್ಮ ಸ್ವಲ್ಪ ಸಪ್ಪಗಾದರು. ಕಳ್ಳಿ ಫೋಟೋ ತೋರಿಸಿದ ಮೇಲೆ ಸರಿಹೋದರು. ಏಜೆನ್ಸಿಯವರು ಮೂರು ದಿನದ ಜೀಪ್ ಪ್ರವಾಸ ತಗೊಳ್ಳಿ, ಕೆಂಪು ಸರೋವರ, ಬಿಸಿನೀರ ಬುಗ್ಗೆ ಎಲ್ಲ ಸೇರಿದೆ ಅನ್ನುತ್ತಿದ್ದಾರೆ. ತಗೊಳ್ಳಲೇ?

ಡಾಕ್ಟರಮ್ಮ:
ಅದು ಎಷ್ಟು ಎತ್ತರ?

ಸಾವೊಪೌಲೊ ಸಾಗರ:
ಆ ಕೆಂಪು ಸರೋವರ, ಲಗುನಾ ಕೊಲೊರಾಡಾ, ಸುಮಾರು 4,280 ಮೀಟರ್, ಎರಡನೇ ರಾತ್ರಿ ಸಾಮಾನ್ಯವಾಗಿ ಆ ಸುತ್ತಮುತ್ತಲೇ. ಮೂರನೇ ದಿನ ಬೆಳಗಿನ ಜಾವ ಕತ್ತಲಲ್ಲೇ ಎಬ್ಬಿಸಿ ಸೊಲ್ ದೆ ಮನ್ಯಾನಾ ಬುಗ್ಗೆಗಳಿಗೆ ಕರೆದೊಯ್ಯುತ್ತಾರೆ, 4,800 ಮೀಟರ್‌ಗೂ ಮೇಲೆ. ಫೋನ್ ಸಿಗ್ನಲ್ ಇಲ್ಲ. ಕೆಲವರು ಇದನ್ನೇ ಚಿಲಿಯ ಸಾನ್ ಪೆದ್ರೊ ಕಡೆಯಿಂದ ಶುರು ಮಾಡುತ್ತಾರೆ. ಅದು ಇನ್ನೂ ಕೆಟ್ಟದ್ದು, 2,400 ಮೀಟರ್‌ನಿಂದ ಎದ್ದು ಮೊದಲ ರಾತ್ರಿಯೇ 4,200ರ ಮೇಲೆ ಮಲಗಬೇಕು.

ಡಾಕ್ಟರಮ್ಮ:
ಹಾಗಾದರೆ ಈ ಸಲ ಅಮ್ಮನಿಗೆ ಅದು ಬೇಡ ಅನ್ನುತ್ತೇನೆ. ಹೋಗಲೇಬಾರದು ಅಂತಲ್ಲ. ಆ ಬಯಲಿನಲ್ಲಿ ರಾತ್ರಿ ಹೆಚ್ಚುಕಮ್ಮಿ ಆದರೆ ಬೇಗ ಇಳಿಯಲು ತಗ್ಗಿನ ಊರೇ ಹತ್ತಿರ ಇಲ್ಲ. ಲಾ ಪಾಸ್‌ನಲ್ಲಾದರೆ ಆಸ್ಪತ್ರೆಗಳಿವೆ, ಕೆಲವೇ ಗಂಟೆಯಲ್ಲಿ ಕೊರೊಯಿಕೊ ಕಡೆಯ ತಗ್ಗಿಗೆ ಇಳಿಯಬಹುದು. ಜೀಪಿನಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯಾ ಅಂತ ಒಂದು ದಿನದ ಪ್ರವಾಸಕ್ಕೂ ಕೇಳಿ. ಟ್ರಾವೆಲ್ ಇನ್ಶೂರೆನ್ಸ್ ಪಾಲಿಸಿಯಲ್ಲಿ ಎಷ್ಟು ಎತ್ತರದವರೆಗೆ ಅಂತ ಮಿತಿ ಇದೆಯಾ ಓದಿ, ಬಿಪಿ ಇದೆ ಅಂತ ಮುಚ್ಚಿಡದೆ ಬರೆಸಿ.

ಬರಿಗಾಲು:
ಒಂದು ದಿನದ ಪ್ರವಾಸ ಮಾಡಿ, ಕೊಲ್ಚಾನಿ ಹತ್ತಿರದ ಉಪ್ಪಿನ ಇಟ್ಟಿಗೆಯ ಹೋಟೆಲಿನಲ್ಲಿ ಒಂದು ರಾತ್ರಿ ಉಳಿಯಿರಿ. ಎತ್ತರ ಉಯುನಿಯಷ್ಟೇ. ಗೋಡೆ, ಮೇಜು ಎಲ್ಲ ಉಪ್ಪು. ಉಳಿದ ದಿನ ಲಾ ಪಾಸ್‌ನಲ್ಲಿ ಕಳೆಯಬಹುದು. ಅಲ್ಲಿ ಹೋಟೆಲನ್ನು ಸೊಪೊಕಾಚಿಯಲ್ಲಿ ಅಥವಾ ಇನ್ನೂ ತಗ್ಗಿನ ದಕ್ಷಿಣ ಬಡಾವಣೆಗಳಲ್ಲಿ ಮಾಡಿ. ಆ ಊರು ಬಟ್ಟಲಿನಂತೆ, ಕೆಳಗೆ ಹೋದಷ್ಟೂ ಉಸಿರು ಸಲೀಸು. ಏರು ರಸ್ತೆ ಹತ್ತುವ ಬದಲು 2014ರಲ್ಲಿ ಶುರುವಾದ ಕೇಬಲ್ ಕಾರಿನಲ್ಲಿ ಓಡಾಡಿ. ಅದು ಪ್ರವಾಸಿಗಳ ಆಟಿಕೆ ಅಲ್ಲ, ಅವರ ಸಿಟಿ ಬಸ್ ಅದೇ.

ಟಿಟಿಕಾಕಾಗೆ ಹೋಗುವಾಗ ತಿಕಿನಾದಲ್ಲಿ ಎಲ್ಲರನ್ನೂ ಬಸ್ಸಿನಿಂದ ಇಳಿಸುತ್ತಾರೆ. ಜನ ಸಣ್ಣ ದೋಣಿಯಲ್ಲಿ, ಬಸ್ಸು ಮರದ ಹಲಗೆಯ ತೆಪ್ಪದ ಮೇಲೆ ತೂಗಾಡುತ್ತಾ ಬರುತ್ತದೆ. ಅಮ್ಮನಿಗೆ ಮೊದಲೇ ಹೇಳಿ, ಪಾಸ್‌ಪೋರ್ಟ್, ಮಾತ್ರೆ ಇರುವ ಬ್ಯಾಗು ಕೈಯಲ್ಲೇ ಇರಲಿ.

ಕಾಫಿತೋಟ:
ಒಂದು ದಿನದ್ದೇ ಸರಿ ಅಂತ ತೀರ್ಮಾನ ಆಯ್ತು. ಕೊನೇ ಪ್ರಶ್ನೆ. ಹಳದಿ ಜ್ವರದ ಲಸಿಕೆ ಬೇಕಾ? ನಾವು ಕಾಡಿನ ಕಡೆ ಹೋಗುತ್ತಿಲ್ಲವಲ್ಲ.

ಡಾಕ್ಟರಮ್ಮ:
ಬೇಕು. ಸಾಂತಾ ಕ್ರೂಸ್ ಆ ಜ್ವರದ ವಲಯದಲ್ಲೇ ಬರುತ್ತದೆ. ಅದಕ್ಕಿಂತ ದೊಡ್ಡ ಕಾರಣ ವಾಪಸ್ ಬರುವಾಗಿನದು. ಬ್ರೆಜಿಲ್, ಬೊಲಿವಿಯಾ ಎರಡೂ ಭಾರತದ ಪಟ್ಟಿಯಲ್ಲಿವೆ. ಅಲ್ಲಿಂದ ಹೊರಟ ಆರು ದಿನದೊಳಗೆ ಸರ್ಟಿಫಿಕೇಟ್ ಇಲ್ಲದೆ ಬಂದಿಳಿದರೆ ಕ್ವಾರಂಟೈನ್‌ಗೆ ಹಾಕುತ್ತಾರೆ. ಲಸಿಕೆ ಹಾಕಿಸಿದ ಹತ್ತು ದಿನದ ಮೇಲಷ್ಟೇ ಸರ್ಟಿಫಿಕೇಟ್ ಲೆಕ್ಕಕ್ಕೆ ಬರುತ್ತದೆ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಹಾಗಾಗಿ ಈ ತಿಂಗಳೇ ದಿನ ಗೊತ್ತು ಮಾಡಿಕೊಳ್ಳಿ.

ಇನ್ನೊಂದು. ಈ ಲಸಿಕೆಯನ್ನು ಕೋಳಿಮೊಟ್ಟೆಯ ಭ್ರೂಣದಲ್ಲಿ ಬೆಳೆಸುತ್ತಾರೆ. ಅಮ್ಮ ಮೊಟ್ಟೆಯನ್ನೇ ತಿಂದಿಲ್ಲ ಅಂದರೆ ಅಲರ್ಜಿ ಇದೆಯೋ ಇಲ್ಲವೋ ಅವರಿಗೂ ಗೊತ್ತಿರುವುದಿಲ್ಲ. ಸೂಜಿ ಚುಚ್ಚುವ ಮೊದಲೇ ಅಲ್ಲಿನ ಡಾಕ್ಟರಿಗೆ ಇದನ್ನು ಹೇಳಿ. ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿ.

ಕಾಫಿತೋಟ:
ಕೇಕ್ ತಿಂದಿದ್ದಾರೆ, ಗೊತ್ತಿಲ್ಲದೆ! ಅದನ್ನೂ ಡಾಕ್ಟರಿಗೆ ಹೇಳುತ್ತೇನೆ, ಅಮ್ಮ ಹೊರಗೆ ಕೂತಿರುವಾಗ. ಸೋಮವಾರ ಕೇಂದ್ರಕ್ಕೆ ಫೋನ್ ಮಾಡಿ ದಿನ ಕೇಳಿ, ಆಮೇಲೆ ಟಿಕೆಟ್.